ಅಳತೆ ಪುಸ್ತಕದೊಳಗಿನ ಕಾಗದ

ಜೂನ್ 3

ಮಗಳೇ,

ನೀನು ದೋಣಿ ಹತ್ತಿ ಇವತ್ತಿಗೆ ಒಂಬತ್ತು ದಿನ. ನಿನ್ನ ಮಗಳು ಉಣ್ಣುತ್ತಾಳೆ, ಮಲಗುತ್ತಾಳೆ, ಚೆನ್ನಾಗಿದ್ದಾಳೆ. ಇದನ್ನು ಮೊದಲು ಬರೆದೆ, ಇಲ್ಲದಿದ್ದರೆ ಉಳಿದದ್ದು ನಿನ್ನ ತಲೆಗೆ ಹೋಗುವುದಿಲ್ಲ.

ಆ ದ್ವೀಪದಲ್ಲಿ ಫೋನ್ ಇಲ್ಲ, ವಾರಕ್ಕೊಂದು ಸಲ ದೋಣಿಯಲ್ಲಿ ಅಂಚೆ ಬರುತ್ತದೆ ಅಂತ ಗೊತ್ತಾದಾಗ ನೀನು ಅತ್ತೆ. ನನಗೆ ಅದೇ ವಾಸಿ ಅನಿಸಿತು. ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೆ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಿ ಜಗಳವಾಡಬೇಕಾದರೆ ವಾರ ಕಾಯಬೇಕು, ಅಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ. ಒಂದು ವರ್ಷ ಆ ಹವಾಮಾನ ಕೇಂದ್ರದಲ್ಲಿ ಗಾಳಿ ಅಳೆದು ಬಾ. ಕೆಲಸ ಕಾಯಂ ಆಗಲಿ. ಗಂಡ ಬಿಟ್ಟುಹೋದವಳು ಯಾರ ಕೈಯನ್ನೂ ನೋಡುವ ಹಾಗಿರಬಾರದು.

ಇಲ್ಲಿ ಶಾಲೆ ಶುರುವಾಗಿದೆ. ಮುನ್ನೂರ ಹನ್ನೆರಡು ಮಕ್ಕಳ ಸಮವಸ್ತ್ರ ಈ ವರ್ಷವೂ ನಮ್ಮ ಅಂಗಡಿಗೇ ಬಂದಿದೆ. ಬೆಳಿಗ್ಗೆ ಎಂಟಕ್ಕೆ ಶುರುವಾದ ನಾಲ್ಕು ಮಿಷನ್ನು ಸಂಜೆ ಆರಕ್ಕೇ ನಿಲ್ಲುವುದು. ಕತ್ತರಿ ಹಿಡಿದು ನಿಂತು ನಿಂತು ನನ್ನ ಮಂಡಿ ಎರಡೂ ಬಾತುಕೊಂಡಿವೆ. ನಿನ್ನ ಮಗಳು ಶಾಲೆಯಿಂದ ಬಂದವಳೇ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಹೋಗಿ ಕೂರುತ್ತಾಳೆ. ಗುಂಡಿಗಳ ಡಬ್ಬವನ್ನು ಮುಂದಿಟ್ಟುಕೊಂಡು ಎರಡು ತೂತಿನದು ಒಂದು ಸಾಲು, ನಾಲ್ಕು ತೂತಿನದು ಒಂದು ಸಾಲು ಮಾಡುತ್ತಾಳೆ. ಎಂಟು ವರ್ಷದ ಹುಡುಗಿಗೆ ಅದೊಂದೇ ಆಟ. ಗುಂಡಿಗೆ ತೂತು ಹೊಲಿಯುವ ನಮ್ಮ ಕಾಜಾದವಳು ಅವಳಿಗೆ ‘ಗುಂಡಿರಾಣಿ’ ಅಂತ ಹೆಸರಿಟ್ಟಿದ್ದಾಳೆ. ಆ ಹೆಂಗಸಿನ ಕೈಗಿಂತ ಬಾಯಿ ಜೋರು, ನಿನಗೆ ಗೊತ್ತಲ್ಲ. ನಾನು ಆ ಹೆಸರಿನಿಂದ ಕರೆಯುವುದಿಲ್ಲ.

ಒಂದು ಮಾತು ಕೇಳುತ್ತೇನೆ. ಶಾಲೆಯಲ್ಲಿ ಗಂಟೆ ಹೊಡೆದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾಳಂತೆ. ನಾಲ್ಕು ಮಿಷನ್ ಒಟ್ಟಿಗೆ ಓಡುವಾಗ ನಡುವೆ ಕೂತು ಗುಂಡಿ ಆರಿಸುವವಳಿಗೆ ಒಂದು ಗಂಟೆಯ ಸದ್ದು ತಡೆಯಲಾಗುವುದಿಲ್ಲವೇ? ಅಂಗಿಯ ಕತೆಯೂ ಅಷ್ಟೇ. ಒಳಮೈ ಹೊರಗೆ ಮಾಡಿ ಹಾಕಿಕೊಳ್ಳುತ್ತಾಳೆ. ದಿನಕ್ಕೆ ಐದು ಸಲ ನಾನು ತಿರುಗಿಸಿ ಹಾಕುತ್ತೇನೆ, ಆರು ಸಲ ಅವಳು ಉಲ್ಟಾ ಮಾಡುತ್ತಾಳೆ. ಊರಿಗೆಲ್ಲ ಬಟ್ಟೆ ಹೊಲಿಯುವವಳ ಮೊಮ್ಮಗಳು ಹೊಲಿಗೆ ಹೊರಗೆ ಬಿಟ್ಟುಕೊಂಡು ಅಂಗಡಿ ಬಾಗಿಲಲ್ಲಿ ನಿಂತರೆ ಗಿರಾಕಿಗಳು ಏನಂದುಕೊಳ್ಳಬೇಕು? ಇದಕ್ಕೆಲ್ಲ ನಮ್ಮ ಕಾಲದಲ್ಲಿ ಹಠ ಅನ್ನುತ್ತಿದ್ದರು.

ಹೆಡ್ ಮಿಸ್‌ಗೆ ಕೊಡು ಅಂತ ನೀನು ಬಿಟ್ಟುಹೋದ ಡಾಕ್ಟರ ಕಾಗದ ನನ್ನ ಹತ್ತಿರ ಭದ್ರವಾಗಿದೆ.

ಅಮ್ಮ


ಜೂನ್ 11

ಅಮ್ಮಾ,

ನಿನ್ನ ಕಾಗದವನ್ನು ದೋಣಿಕಟ್ಟೆಯಲ್ಲೇ ನಿಂತು ಓದಿದೆ. ಮೊದಲ ಎರಡು ಸಾಲಿಗೆ ಉಪಕಾರ ಆಯಿತು.

ಇಲ್ಲಿ ನಾವು ಮೂರೇ ಜನ. ಮೂರು ಗಂಟೆಗೊಮ್ಮೆ ಗಾಳಿ, ಮಳೆ, ಮೋಡ ನೋಡಿ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಮಳೆ ಬಾರದಿದ್ದರೂ ‘ಇಲ್ಲ’ ಅಂತ ಬರೆಯಬೇಕು. ಖಾಲಿ ಬಿಟ್ಟರೆ ನಮ್ಮ ಮುಖ್ಯಸ್ಥರು ರೇಗುತ್ತಾರೆ. "ಖಾಲಿ ಅಂದ್ರೆ ನೀನು ನೋಡ್ಲಿಲ್ಲ ಅಂತ ಅರ್ಥ ಕಣಮ್ಮ. ಇಲ್ಲ ಅಂದ್ರೆ ನೋಡಿದೀಯ ಅಂತ" ಅನ್ನುತ್ತಾರೆ.

ಮಿಷನ್ನಿನ ಸದ್ದು ಎಡೆಬಿಡದೆ ಒಂದೇ ಸಮ ಬರುತ್ತದೆ. ನೀನು ಪೆಡಲಿನ ಮೇಲೆ ಕಾಲು ಇಡುವುದು ಅವಳಿಗೆ ಮೇಜಿನ ಕೆಳಗಿನಿಂದ ಕಾಣುತ್ತದೆ, ಈಗ ಶುರುವಾಗುತ್ತದೆ ಅಂತ ಗೊತ್ತಾಗುತ್ತದೆ. ಗಂಟೆ ಹಾಗಲ್ಲ, ಇದ್ದಕ್ಕಿದ್ದಂತೆ ತಲೆಯ ಮೇಲೆ ಬೀಳುತ್ತದೆ. ಡಾಕ್ಟರು ನನಗೆ ಹೇಳಿದ್ದು ಇದು: ನಮಗೆ ತಾಗುವ ಸದ್ದು, ಬೆಳಕು, ಬಟ್ಟೆ ಅವಳಿಗೆ ಎಷ್ಟೋ ಪಟ್ಟು ಹೆಚ್ಚಾಗಿ ತಾಗುತ್ತದೆ, ಕೆಲವು ಮಾತ್ರ ತಾಗುವುದೇ ಇಲ್ಲ. ಅಂಗಿಯ ಒಳಗಿನ ಹೊಲಿಗೆ ಅವಳಿಗೆ ಚುಚ್ಚುತ್ತದಮ್ಮ. ಅದಕ್ಕೇ ಹೊರಗೆ ಮಾಡಿಕೊಳ್ಳುತ್ತಾಳೆ. ಅದು ಅವಳೇ ಕಂಡುಕೊಂಡ ಉಪಾಯ.

‘ಭದ್ರವಾಗಿದೆ’ ಅಂದರೆ ಏನು? ಹೆಡ್ ಮಿಸ್‌ಗೆ ಕೊಟ್ಟೆಯೋ ಇಲ್ಲವೋ? ಬಾಗಿಲ ಹತ್ತಿರ ಕೂರಿಸಿ, ಗಂಟೆ ಹೊಡೆಯುವ ಮೊದಲು ಹೇಳಿ, ಬಲವಂತವಾಗಿ ಮುಖ ನೋಡಿಸಬೇಡಿ ಅಂತ ಎಲ್ಲ ಅದರಲ್ಲೇ ಇದೆ. ಆ ಕಾಗದ ಅವರ ಕೈಯಲ್ಲಿ ಇಲ್ಲದಿದ್ದರೆ ನಾನು ಇಲ್ಲಿ ಕೆಲಸ ಮಾಡುವ ಹಾಗೇ ಇಲ್ಲ. ಗಾಳಿ ಅಳೆಯುವ ಬಟ್ಟಲು ತಿರುಗುವುದನ್ನು ನೋಡುತ್ತಾ ಅದನ್ನೇ ಯೋಚಿಸುತ್ತಿರುತ್ತೇನೆ.

ನಿನ್ನ ಮಗಳು


ಜೂನ್ 18

ಮಗಳೇ,

ಪಾಠ ಹೇಳುವವಳ ಹಾಗೆ ಬರೆದಿದ್ದೀಯ. ನಾನು ಹೈಸ್ಕೂಲು ಮುಗಿಸಿದವಳು, ಎರಡು ಮಕ್ಕಳನ್ನು ಹೆತ್ತವಳು, ನಲವತ್ತು ವರ್ಷದಿಂದ ಈ ಊರಿನ ಮಕ್ಕಳ ಮೈ ಅಳತೆ ತೆಗೆದವಳು. ಮಕ್ಕಳ ವಿಷಯ ನನಗೂ ಒಂದಿಷ್ಟು ಗೊತ್ತು. ನಮ್ಮ ಮನೆತನದಲ್ಲಿ ಇಂಥದ್ದು ಯಾರಿಗೂ ಇರಲಿಲ್ಲ. ನಿನ್ನ ಗಂಡ ಹೋಗುವಾಗ "ನಿಮ್ಮ ಕಡೆಯಿಂದ ಬಂದದ್ದು" ಅಂದನಲ್ಲ, ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

ಕಾಗದದ ವಿಷಯ ಪದೇ ಪದೇ ಕೇಳಬೇಡ. ಅದು ಎಲ್ಲಿರಬೇಕೋ ಅಲ್ಲಿದೆ.

ಜುಲೈ ಒಂಬತ್ತಕ್ಕೆ ಶಾಲೆಯ ತಪಾಸಣೆ. ದೊಡ್ಡ ಅಧಿಕಾರಿ ಬರುತ್ತಾರೆ. ಮಕ್ಕಳೆಲ್ಲ ಹೊಸ ಸಮವಸ್ತ್ರದಲ್ಲಿ ಮೈದಾನದಲ್ಲಿ ನಿಲ್ಲಬೇಕು, ಬ್ಯಾಂಡು ಬಾರಿಸುತ್ತಾರೆ. ಹೊಲಿದವಳು ಅಂತ ನನಗೂ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುತ್ತಾರಂತೆ. ನಿನ್ನ ಮಗಳ ಅಂಗಿಯನ್ನು ಬೇರೆ ಯಾರ ಕೈಗೂ ಕೊಡದೆ ನಾನೇ ಹೊಲಿದೆ. ಕಾಲರಿಗೆ ದಪ್ಪ ಕ್ಯಾನ್ವಾಸು ಕೊಟ್ಟು ನಿಲ್ಲಿಸಿದ್ದೇನೆ. ಮುಂದೆ ಗುಂಡಿ ಇಟ್ಟರೆ ಬಿಚ್ಚಿ ಎಸೆಯುತ್ತಾಳೆ ಅಂತ ಬೆನ್ನಿನ ಮೇಲೆ ಐದು ಹುಕ್ ಇಟ್ಟು ಪಟ್ಟಿ ಮುಚ್ಚಿದ್ದೇನೆ. ಅವಳ ಕೈಗೆ ಎಟುಕುವುದಿಲ್ಲ. ಒಂದು ದಿನ ಪೂರ್ತಿ ತೊಟ್ಟರೆ ಅಭ್ಯಾಸವಾಗುತ್ತದೆ.

ಕಾಜಾದವಳು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಅಮ್ಮಾವ್ರೇ, ಮಗು ಹಠ ಮಾಡ್ತಿಲ್ಲ. ಅದಕ್ಕೆ ಚುಚ್ತಿದೆ."

"ನಿಂಗೆ ಯಾರು ಹೇಳಿದ್ರು?"

"ಹೇಳ್ಬೇಕಾ? ಇಪ್ಪತ್ತು ವರ್ಷದಿಂದ ದಿನಾ ಬೆರಳಿಗೆ ಸೂಜಿ ಚುಚ್ಚಿಸ್ಕೊಂಡೋಳು ನಾನು. ಚುಚ್ಚಿದ ಮುಖ ಹೇಗಿರುತ್ತೆ ಅಂತ ಗೊತ್ತಿಲ್ವಾ?"

"ಮುಖ ನೋಡೋದು ಬಿಟ್ಟು ಕಾಜಾ ನೋಡು. ನಿನ್ನೆ ಹಾಕಿದ್ದೆಲ್ಲ ಸೊಟ್ಟ" ಅಂದೆ. ಸೊಟ್ಟ ಇರಲಿಲ್ಲ. ಹಾಗೆ ಅನ್ನದಿದ್ದರೆ ಅವಳು ನಿಲ್ಲಿಸುವುದಿಲ್ಲ.

ಅಮ್ಮ


ಜೂನ್ 28

ಅಮ್ಮಾ,

‘ಎಲ್ಲಿರಬೇಕೋ ಅಲ್ಲಿದೆ’ ಅನ್ನುವ ಸಾಲು ಓದಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನೀನು ಕೊಟ್ಟಿದ್ದೀಯ. ಗೊಣಗುತ್ತಲಾದರೂ ಕೊಟ್ಟಿದ್ದೀಯ. ನಿನ್ನನ್ನು ನಂಬದೆ ಕಾಗದದ ಮೇಲೆ ಕಾಗದ ಬರೆದದ್ದು ನನ್ನ ತಪ್ಪು. ಅವತ್ತು ಮೊದಲ ಸಲ ಸರಿಯಾಗಿ ಊಟ ಮಾಡಿದೆ.

ಆದರೆ ಆ ಹುಕ್‌ಗಳನ್ನು ತೆಗೆ, ಅಮ್ಮಾ. ಕೈಮುಗಿದು ಕೇಳುತ್ತೇನೆ. ಕ್ಯಾನ್ವಾಸೂ ಬೇಡ. ಮುಂದೆ ದೊಡ್ಡ ಗುಂಡಿ ಇಡು, ಅವಳೇ ಬಿಚ್ಚುವಂತೆ ಇರಲಿ. ಬಿಚ್ಚಬಹುದು ಅಂತ ಗೊತ್ತಿದ್ದರೆ ಅವಳು ಎಷ್ಟೋ ಹೊತ್ತು ತಡೆದುಕೊಳ್ಳುತ್ತಾಳೆ. ಬಿಚ್ಚಲಾಗುವುದಿಲ್ಲ ಅಂತ ಗೊತ್ತಾದ ಕ್ಷಣವೇ ಅವಳಿಗೆ ಉಸಿರು ಕಟ್ಟುತ್ತದೆ. ಬ್ಯಾಂಡು ಬಾರಿಸುವ ಕಡೆ ಅವಳನ್ನು ನಿಲ್ಲಿಸಬೇಡಿ ಅಂತ ಟೀಚರಿಗೂ ನೆನಪು ಮಾಡು. ಕಾಗದ ಓದಿದ್ದಾರೆ, ಅರ್ಥ ಮಾಡಿಕೊಳ್ಳುತ್ತಾರೆ.

ಸಮುದ್ರ ಏಳುತ್ತಿದೆ. ದೋಣಿ ಇವತ್ತು ಬರಬೇಕಿತ್ತು, ಬಂದಿಲ್ಲ. ಈ ಕಾಗದ ನಿನಗೆ ಬೇಗ ಸೇರಲಿ.

ನಿನ್ನ ಮಗಳು


ಜುಲೈ 12

ಮಗಳೇ,

ದೋಣಿ ನಿಂತಿದೆಯಂತೆ, ಅಂಚೆಯವನು ಹೇಳಿದ. ಎರಡು ವಾರದಿಂದ ನಿನ್ನ ಕಾಗದವಿಲ್ಲ. ಇದನ್ನು ಬರೆದು ಕೊಟ್ಟಿರುತ್ತೇನೆ, ಹೋದಾಗ ಹೋಗಲಿ.

ತಪಾಸಣೆ ಮುಗಿಯಿತು. ಸಮವಸ್ತ್ರ ಚೆನ್ನಾಗಿದೆ ಅಂದರು. ಮಗು ಈ ವಾರ ಶಾಲೆಗೆ ಹೋಗಿಲ್ಲ, ಸ್ವಲ್ಪ ಆಯಾಸ. ಕತ್ತರಿಸುವ ಮೇಜಿನ ಕೆಳಗೆ ಇದ್ದಾಳೆ. ನಾನು ಎರಡು ದಿನ ಮಿಷನ್ ನಿಲ್ಲಿಸಿದ್ದೆ, ಆಮೇಲೆ ಕಾಜಾದವಳು ಹೇಳಿದಳು ಅಂತ ಮತ್ತೆ ಓಡಿಸಿದೆ. ಓಡಿದರೆ ಅವಳಿಗೆ ವಾಸಿ ಅನಿಸುತ್ತದೆ.

ಒಂದು ವಿಷಯ. ಎರಡನೆಯ ಪುಟದ ಕೆಳಗೆ ‘ಗಟ್ಟಿಯಾಗಿ ಒತ್ತಿದರೆ ಸಮಾಧಾನ, ಹಗುರವಾಗಿ ಮುಟ್ಟಿದರೆ ಕಿರಿಕಿರಿ’ ಅಂತ ಡಾಕ್ಟರು ಬರೆದಿದ್ದಾರೆ. ಎಷ್ಟು ಗಟ್ಟಿ? ಎಲ್ಲಿ ಒತ್ತಬೇಕು? ನನಗೆ ತಿಳಿಯಲಿಲ್ಲ.

ಅಮ್ಮ


ಜುಲೈ 21

ಅಮ್ಮಾ,

ದೋಣಿ ನಾಲ್ಕು ವಾರದ ನಂತರ ಬಂದಿದೆ. ಎರಡು ಗಂಟೆ ನಿಲ್ಲುತ್ತದೆ. ಅಷ್ಟರಲ್ಲಿ ಬರೆದು, ಹಿಂದಿನ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ.

ಎರಡನೆಯ ಪುಟದ ಕೆಳಗಿನ ಮಾತು ಕೇಳಿದ್ದೀಯ. ಇದ್ದದ್ದು ಒಂದೇ ಪ್ರತಿ. ಅದು ಹೆಡ್ ಮಿಸ್ ಹತ್ತಿರ ಇದ್ದರೆ ಜುಲೈ ಹನ್ನೆರಡಕ್ಕೆ ನಿನ್ನ ಕೈಯಲ್ಲಿ ಹೇಗಿತ್ತು?

ನೀನು ಇಷ್ಟು ವರ್ಷದಲ್ಲಿ ನನ್ನನ್ನು ಯಾವತ್ತೂ ಏನನ್ನೂ ಕೇಳಿದವಳಲ್ಲ. ಮಿಷನ್ ನಿಲ್ಲಿಸಿದವಳೂ ಅಲ್ಲ. ಅಪ್ಪ ತೀರಿಕೊಂಡ ಮಾರನೆಯ ದಿನವೂ ನೀನು ಒಬ್ಬಳೇ ಕೂತು ಹೊಲಿದೆ. ಏನಾಯಿತು ಅಂತ ಬರೆ. ಪೂರ್ತಿ ಬರೆ.


ಜುಲೈ 24

ಮಗಳೇ,

ನಿನ್ನ ಎರಡೂ ಕಾಗದ ಒಟ್ಟಿಗೆ ಬಂದವು. ಹುಕ್ ತೆಗೆ ಅಂತ ನೀನು ಬರೆದದ್ದನ್ನು ನಾನು ಓದಿದ್ದು ನಿನ್ನೆ. ಮೊದಲೇ ಬಂದಿದ್ದರೆ ತೆಗೆಯುತ್ತಿದ್ದೆ ಅಂತ ಬರೆಯಲು ಹೋಗಿ ನಿಲ್ಲಿಸಿದೆ. ತೆಗೆಯುತ್ತಿರಲಿಲ್ಲ ಅನಿಸುತ್ತದೆ. ಪೂರ್ತಿ ಬರೆ ಅಂದಿದ್ದೀಯ, ಹಾಗಾಗಿ ಇದನ್ನೂ ಬರೆದೆ.

ಡಾಕ್ಟರ ಕಾಗದವನ್ನು ನಾನು ಕೊಟ್ಟಿರಲಿಲ್ಲ. ಶಾಲೆ ಶುರುವಾದ ದಿನ ತೆಗೆದುಕೊಂಡು ಹೋದೆ. ಹೆಡ್ ಮಿಸ್ ಕೋಣೆಯಲ್ಲಿ ನಾಲ್ಕು ಜನ ತಾಯಂದಿರು ಕೂತಿದ್ದರು, ನಾಲ್ವರೂ ನನ್ನ ಗಿರಾಕಿಗಳು. ಕಾಗದದ ಮೇಲೆ ‘ಆಟಿಸಂ’ ಅಂತ ದಪ್ಪ ಅಕ್ಷರದಲ್ಲಿದೆ. ಒಮ್ಮೆ ಅಂಟಿದರೆ ಹುಡುಗಿಗೆ ಜನ್ಮಪೂರ್ತಿ ಬಿಡದು ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಆಗ ನೆನಪಾದದ್ದು ನಿನ್ನ ಗಂಡನ ಮಾತು. ವಾಪಸ್ಸು ತಂದು ಅಳತೆ ಪುಸ್ತಕದ ನಡುವೆ ಇಟ್ಟೆ. ಬೇಕಾದ ಕಾಗದವೆಲ್ಲ ಅಲ್ಲೇ ಇಡುವುದು ನನ್ನ ರೂಢಿ. ‘ಎಲ್ಲಿರಬೇಕೋ ಅಲ್ಲಿದೆ’ ಅಂತ ಬರೆಯುವಾಗ ನೀನು ಏನಂತ ಓದಿಕೊಳ್ಳುತ್ತೀಯ ಅಂತ ಗೊತ್ತಿತ್ತು. ಗೊತ್ತಿದ್ದೇ ಬರೆದೆ.

ಒಂಬತ್ತನೆಯ ತಾರೀಖು ಬೆಳಿಗ್ಗೆ ಅವಳಿಗೆ ಅಂಗಿ ತೊಡಿಸಲು ನನ್ನೊಂದಿಗೆ ಅಂಗಡಿಯ ಇಸ್ತ್ರಿಯವನೂ ಕೈ ಹಚ್ಚಬೇಕಾಯಿತು. ಕಾಜಾದವಳು ಬೆನ್ನು ತಿರುಗಿಸಿ ಕೂತಿದ್ದಳು. ಐದನೆಯ ಹುಕ್ ಹಾಕಿದ ಮೇಲೆ ಮಗು ಸುಮ್ಮನಾದಳು. ಅಭ್ಯಾಸವಾಯಿತು ಅಂದುಕೊಂಡೆ.

ಮೈದಾನದಲ್ಲಿ ಬಿಸಿಲಿತ್ತು. ನಾನು ಅಧಿಕಾರಿಗಳಿಂದ ಮೂರನೆಯ ಕುರ್ಚಿ. ಅವರು ನನ್ನ ಕಡೆ ಬಾಗಿ "ಹೊಲಿಗೆ ಬಹಳ ಅಚ್ಚುಕಟ್ಟಾಗಿದೆ. ಒಂದು ಕಾಲರೂ ಮಡಚಿಲ್ಲ" ಅಂದರು. ಅಷ್ಟರಲ್ಲಿ ಡ್ರಮ್ಮು ಶುರುವಾಯಿತು, ಅದರ ಮೇಲೆ ಆ ಕೂಗು. ಆ ದನಿ ಯಾರದು ಅಂತ ನನಗೆ ತಕ್ಷಣ ಗೊತ್ತಾಯಿತು. ಆದರೂ ಏಳಲಿಲ್ಲ. ಡ್ರಮ್ಮು ನಿಲ್ಲಲಿ ಅಂತ ಕೂತಿದ್ದೆ. ಎಷ್ಟು ಹೊತ್ತು ಕೂತಿದ್ದೆನೋ ಲೆಕ್ಕವಿಲ್ಲ. ಎದ್ದಿರಲಿಲ್ಲ ಅನ್ನುವುದಷ್ಟೇ ಗೊತ್ತು.

ನಾನು ಹೋಗುವ ಹೊತ್ತಿಗೆ ಅವಳು ನೆಲದ ಮೇಲಿದ್ದಳು. ಬೆನ್ನಿಗೆ ಕೈ ಎಟುಕದೆ ಕುತ್ತಿಗೆಯನ್ನೇ ಕೆರೆದುಕೊಂಡಿದ್ದಳು. ಟೀಚರು ಎರಡೂ ಕೈ ಹಿಡಿದು "ಸುಮ್ನಿರು, ಎಲ್ಲರೂ ನೋಡ್ತಿದಾರೆ" ಅನ್ನುತ್ತಿದ್ದರು. ಅವರ ತಪ್ಪಿಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ. ವಾರಕ್ಕೆ ನಾಲ್ಕು ಮಾತು ಆಡುವ ಮಗು ನನ್ನನ್ನು ನೋಡಿ "ಅಜ್ಜಿ ತೆಗಿ, ಅಜ್ಜಿ ತೆಗಿ" ಅಂದಳು. ನಾನು ಹುಕ್‌ಗೆ ಕೈ ಹಾಕಿದೆ. ಬರಲಿಲ್ಲ. ಬರಬಾರದು ಅಂತಲೇ ಬಿಗಿಯಾಗಿ ಕೂರಿಸಿದವು. ನನ್ನ ಹೊಲಿಗೆ ನನ್ನ ಕೈಗೇ ಬಿಚ್ಚಲಿಲ್ಲ. ಕಡೆಗೆ ಸೊಂಟದಲ್ಲಿದ್ದ ನೂಲು ಕತ್ತರಿಯಿಂದ ಬೆನ್ನುದ್ದಕ್ಕೂ ಸೀಳಿದೆ. ಮುನ್ನೂರ ಹನ್ನೊಂದು ಮಕ್ಕಳು ನೋಡುತ್ತಿದ್ದರು.

ಆಮೇಲೆ ಹೆಡ್ ಮಿಸ್ ಒಳಗೆ ಕರೆದು ನೀರು ಕೊಟ್ಟರು.

"ಅಮ್ಮಾವ್ರೇ, ಮಗೂಗೆ ಏನಾದ್ರೂ ತೊಂದ್ರೆ ಇದ್ಯಾ? ಇದ್ರೆ ಹೇಳಿ, ನಾವು ನೋಡ್ಕೋತೀವಿ."

"ಏನೂ ಇಲ್ಲ. ಸ್ವಲ್ಪ ಹಠ, ಅಷ್ಟೇ" ಅಂದೆ.

ಹಾಗೆ ಅನ್ನುವಾಗ ಅವಳ ಕುತ್ತಿಗೆಯ ರಕ್ತ ನನ್ನ ತೋಳಿನ ಮೇಲಿತ್ತು.

ಮನೆಗೆ ಬಂದ ಮೇಲೆ ಅವಳು ಮೇಜಿನ ಕೆಳಗೆ ಹೋದವಳು ನನ್ನ ಚಪ್ಪಲಿ ಕಂಡರೆ ಸಾಕು, ಗೋಡೆಯ ಕಡೆ ಸರಿಯುತ್ತಿದ್ದಳು. ಕಾಜಾದವಳು ಕೊಟ್ಟರೆ ತಿನ್ನುತ್ತಾಳೆ. ಮೂರನೆಯ ದಿನ ಕಾಜಾದವಳು ಸೂಜಿಗೆ ನೂಲು ಪೋಣಿಸುತ್ತಾ ನನ್ನನ್ನು ಕೇಳಿದಳು.

"ಬಟ್ಟೆ ಬಿಗಿ ಅಂತ ಗಿರಾಕಿ ವಾಪಸ್ ಬಂದ್ರೆ ಏನ್ಮಾಡ್ತೀರಿ ಅಮ್ಮಾವ್ರೇ?"

"ಬಿಚ್ಚಿ ಸಡಿಲ ಮಾಡ್ತೀನಿ. ಇದೆಂಥಾ ಪ್ರಶ್ನೆ?"

"ನಿಮಗೆ ಹಠ ಅಂತ ಗಿರಾಕಿಗೆ ಬೈಯಲ್ವಾ?"

"ಬಾಯಿ ಮುಚ್ಕೊಂಡು ಕೆಲಸ ನೋಡು."

"ನೋಡ್ತಿದೀನಿ. ಅದನ್ನೇ ನೋಡ್ತಿದೀನಿ" ಅಂದಳು.

ಅವತ್ತು ಎಲ್ಲರೂ ಊಟಕ್ಕೆ ಹೋದಾಗ ಆ ಸೀಳಿದ ಅಂಗಿಯ ಕಾಲರು ಕತ್ತರಿಸಿ ನನ್ನ ಕುತ್ತಿಗೆಗೆ ಸುತ್ತಿ ಪಿನ್ನು ಹಾಕಿಕೊಂಡೆ. ಒಂದು ಗಂಟೆ ಹಾಗೇ ಕೂತೆ. ಏನೂ ಆಗಲಿಲ್ಲ. ಚುಚ್ಚಲಿಲ್ಲ, ಸೆಕೆಯೂ ಆಗಲಿಲ್ಲ. ನಾನು ಎಷ್ಟು ಗಂಟೆ ಕೂತರೂ ನನಗೆ ಏನೂ ಆಗುವುದಿಲ್ಲ. ನನ್ನ ಮೈ ಮೇಲೆ ಹಾಕಿ ನೋಡಿ ಅವಳ ಮೈಯನ್ನು ತಿಳಿಯಲು ಆಗುವುದಿಲ್ಲ ಅಂತ ಆಗ ಹೊಳೆಯಿತು. ಅವಳು ಹೇಳಿದ್ದನ್ನು ನಂಬಬೇಕು. ಬೇರೆ ದಾರಿಯಿಲ್ಲ. ಆಗ ಪುಸ್ತಕ ತೆಗೆದು ಡಾಕ್ಟರ ಕಾಗದವನ್ನು ಮೊದಲ ಸಲ ಪೂರ್ತಿ ಓದಿದೆ.

ಕುತ್ತಿಗೆಯ ಗಾಯ ಒಣಗಿದೆ, ಕಲೆ ಉಳಿಯುವುದಿಲ್ಲ ಅಂದರು. ಇಷ್ಟೇ. ಇನ್ನು ಬಚ್ಚಿಟ್ಟದ್ದು ಏನೂ ಇಲ್ಲ.

ಅಮ್ಮ


ಆಗಸ್ಟ್ 1

ಅಮ್ಮಾ,

ಓದಿದೆ.

ರಾಜೀನಾಮೆ ಬರೆದಿದ್ದೇನೆ. ಕಾಯಂ ಆಗಲು ಹತ್ತು ತಿಂಗಳು ಉಳಿದಿದೆ, ಇರಲಿ. ಮುಖ್ಯಸ್ಥರು "ಮುಂದಿನ ದೋಣಿ ಬರೋವರೆಗೂ ನಿನ್ನ ಹತ್ರಾನೇ ಇಟ್ಕೊ, ಆಮೇಲೆ ಕೊಡು" ಅಂದರು. ಮುಂದಿನ ದೋಣಿ ಹದಿಮೂರಕ್ಕೆ.

ನಿನ್ನ ಮೇಲೆ ಕೂಗಾಡಲು ನನ್ನಲ್ಲಿ ಶಕ್ತಿ ಇಲ್ಲ. ಮಗಳನ್ನು ಹೆತ್ತಾಗಿನಿಂದ ಎಲ್ಲರಿಗೂ ವಿವರಿಸಿ ವಿವರಿಸಿ ಸಾಕಾಗಿದೆ. ಅವಳ ಅಪ್ಪನಿಗೆ, ಮನೆ ಮಾಲೀಕರಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ. ನಿನಗೊಬ್ಬಳಿಗೆ ಎರಡು ಸಲ ಹೇಳಬೇಕಾಗುವುದಿಲ್ಲ ಅಂದುಕೊಂಡಿದ್ದೆ. ನೀನು ಒಂದು ಸಲ ಅಳತೆ ತೆಗೆದರೆ ಮತ್ತೆ ಕೇಳುವವಳಲ್ಲವಲ್ಲ.

ಕಾಗದವನ್ನು ಈಗಲಾದರೂ ಕೊಟ್ಟೆಯಾ?


ಆಗಸ್ಟ್ 6

ಮಗಳೇ,

ಕೊಟ್ಟೆ. ಜುಲೈ ಇಪ್ಪತ್ತೈದರಂದು. ಅವತ್ತೂ ಹೆಡ್ ಮಿಸ್ ಕೋಣೆಯಲ್ಲಿ ಜನ ಇದ್ದರು. ಹೊರಗೆ ಕಾಯಿರಿ ಅಂದರು, ಕಾಯಲಿಲ್ಲ. "ಅವತ್ತು ನಾನು ಹೇಳಿದ್ದು ಸುಳ್ಳು. ಮಗೂಗೆ ಆಟಿಸಂ ಇದೆ. ಈ ಕಾಗದ ಜೂನ್‌ನಲ್ಲೇ ಕೊಡಬೇಕಿತ್ತು, ನಾನು ಬಚ್ಚಿಟ್ಟೆ" ಅಂದೆ. ಆ ಶಬ್ದ ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅಲ್ಲಿ ಕೂತಿದ್ದ ಒಬ್ಬ ತಾಯಿ ನನ್ನ ಹಿಂದೆಯೇ ಗೇಟಿನವರೆಗೆ ಬಂದಳು. ಏನೋ ಕುಹಕ ಆಡುತ್ತಾಳೆ ಅಂದುಕೊಂಡೆ. "ಆ ಡಾಕ್ಟ್ರು ಎಲ್ಲಿರ್ತಾರೆ ಅಮ್ಮಾವ್ರೇ?" ಅಂತ ಮೆಲ್ಲಗೆ ಕೇಳಿದಳು. ಅವಳ ಮಗನ ಅಳತೆ ನನ್ನ ಪುಸ್ತಕದಲ್ಲಿ ಮೂರು ವರ್ಷದಿಂದ ಇದೆ. ಅಳತೆ ತೆಗೆಯುವಾಗೆಲ್ಲ ಟೇಪು ತಾಗಿದರೆ ಅಳುತ್ತಿದ್ದ. ನಾನು ಗದರುತ್ತಿದ್ದೆ.

ನೀನು ಬರುವುದಾದರೆ ಬಾ. ತಡೆಯಲು ನನಗೆ ಮುಖವಿಲ್ಲ. ನಿನ್ನ ಕೋಣೆ ಗುಡಿಸಿ ಇಟ್ಟಿದ್ದೇನೆ. ಬಾರದಿದ್ದರೆ ಏನು ನೋಡಿಕೊಂಡು ನಂಬಬೇಕು ಅಂತ ಕೇಳುತ್ತೀಯ. ಮಾತಿನ ಮೇಲೆ ನಂಬು ಅನ್ನುವ ಹಾಗೆ ನಾನು ಉಳಿಸಿಕೊಂಡಿಲ್ಲ. ಅದಕ್ಕೆ ಅಳತೆ ಪುಸ್ತಕದಲ್ಲಿ ಅವಳಿಗೊಂದು ಪುಟ ಮಾಡಿದ್ದೇನೆ. ಎದೆ, ಸೊಂಟ, ಭುಜ ಬರೆಯುವ ಜಾಗದಲ್ಲಿ ಬೇರೆ ಬರೆದಿದ್ದೇನೆ. ಅದರ ನಕಲು ಇದು.

ಬಟ್ಟೆ: ಹಳೆಯದು, ಹತ್ತಾರು ಸಲ ಒಗೆದದ್ದು. ಹೊಲಿಗೆ ಹೊರಗೆ. ಸಮವಸ್ತ್ರವನ್ನೂ ಹಾಗೇ ಹೊಲಿದಿದ್ದೇನೆ, ಹೊರಗಿನ ಹೊಲಿಗೆಗೆ ಪಟ್ಟಿ ಮುಚ್ಚಿ. ಹೆಡ್ ಮಿಸ್ ಒಪ್ಪಿದ್ದಾರೆ. ಮುಂದೆ ದೊಡ್ಡ ಗುಂಡಿ ಮೂರು, ಅವಳೇ ಆರಿಸಿದವು, ನಾಲ್ಕು ತೂತಿನವು.

ಗಂಟೆ: ಹೊಡೆಯುವ ಮೊದಲು ಜವಾನ ಕೈ ಎತ್ತಿ ತೋರಿಸುತ್ತಾನೆ. ಈಗ ಕಿವಿ ಮುಚ್ಚಿಕೊಳ್ಳುತ್ತಾಳೆ, ಕೂಗುವುದಿಲ್ಲ. ಎರಡು ಸಲ ಅವನು ಮರೆತ, ಎರಡು ಸಲವೂ ಕೂಗಿದಳು.

ಊಟ: ತಟ್ಟೆಯಲ್ಲಿ ಒಂದಕ್ಕೊಂದು ತಾಗಬಾರದು. ನನ್ನ ಕೈಯಿಂದ ಇನ್ನೂ ತೆಗೆದುಕೊಳ್ಳುವುದಿಲ್ಲ. ತಟ್ಟೆ ಇಟ್ಟು ದೂರ ಹೋದರೆ ತಿನ್ನುತ್ತಾಳೆ. ನಾಲ್ಕು ಹೆಜ್ಜೆ ದೂರ. ಹೋದ ವಾರ ಎಂಟಿತ್ತು.

ಒತ್ತುವುದು: ಕಾಜಾದವಳಿಂದ ಕಲಿತೆ. ಸುತ್ತಿಟ್ಟ ಬಟ್ಟೆಯ ಥಾನು ಹೆಗಲ ಮೇಲೆ ಇಟ್ಟರೆ ಸಮಾಧಾನ. ಅರ್ಧ ಥಾನು ಸಾಲದು, ಪೂರ್ತಿ ಹೆಚ್ಚು. ಮುಕ್ಕಾಲು.

ಅಜ್ಜಿಯ ದನಿ: ಜೋರಾದರೆ ಆಗುವುದಿಲ್ಲ. ಹೋದ ವಾರ ಮೂರು ಸಲ ಜೋರಾಯಿತು.

ಅಮ್ಮ


ಆಗಸ್ಟ್ 13

ಅಮ್ಮಾ,

ದೋಣಿ ಬಂದು ನಿಂತಿದೆ. ಚೀಲ ಕಟ್ಟಿಟ್ಟಿದ್ದೆ. ನಿನ್ನ ಕಾಗದ ಇದೇ ದೋಣಿಯಲ್ಲಿ ಬಂತು.

ಆ ‘ಮೂರು ಸಲ’ ಅನ್ನುವುದನ್ನು ನೀನು ಬರೆಯದೆ ಇದ್ದಿದ್ದರೆ ನಾನು ದೋಣಿ ಹತ್ತಿರುತ್ತಿದ್ದೆ. ಎಲ್ಲ ಸರಿಹೋಗಿದೆ ಅಂತ ನೀನು ಬರೆದಿದ್ದರೂ ಹತ್ತಿರುತ್ತಿದ್ದೆ.

ನಿನ್ನನ್ನು ಕ್ಷಮಿಸಿದ್ದೇನೆ ಅಂತಲ್ಲ. ಅದು ಯಾವಾಗಲೋ ನನಗೂ ಗೊತ್ತಿಲ್ಲ. ಪ್ರತಿ ವಾರ ಆ ಪುಟದ ನಕಲು ಬರಬೇಕು. ಕೆಟ್ಟದ್ದಿದ್ದರೆ ಮೊದಲು ಅದು. ಏನೂ ಆಗದ ದಿನ ‘ಇಲ್ಲ’ ಅಂತ ಬರೆ, ಖಾಲಿ ಬಿಡಬೇಡ.

ರಾಜೀನಾಮೆ ಹರಿದಿಲ್ಲ. ಇಲ್ಲಿಯ ದಾಖಲೆ ಪುಸ್ತಕದ ನಡುವೆ ಇಟ್ಟಿದ್ದೇನೆ. ಅದು ಎಲ್ಲಿರಬೇಕೋ ಅಲ್ಲಿದೆ.

ನಿನ್ನ ಮಗಳು


ಆಗಸ್ಟ್ 20

ಮಗಳೇ,

ನಿನ್ನ ಕೊನೆಯ ಸಾಲನ್ನು ಎರಡು ಸಲ ಓದಿದೆ. ಸರಿ. ಅಲ್ಲೇ ಇರಲಿ.

ಈ ವಾರದ್ದು.

ಸೋಮವಾರ: ಅವಳ ಗುಂಡಿಗಳ ಸಾಲಿನ ಮೇಲೆ ತಿಳಿಯದೆ ಕಾಲಿಟ್ಟೆ. ಒಂದು ಗಂಟೆ ಅತ್ತಳು. ತಪ್ಪು ನನ್ನದು.

ಮಂಗಳವಾರ: ದನಿ ಜೋರಾದದ್ದು ಒಂದು ಸಲ. ಅವಳ ಮೇಲಲ್ಲ, ಇಸ್ತ್ರಿಯವನ ಮೇಲೆ. ಅವಳಿಗೆ ಎರಡೂ ಒಂದೇ. ಬರೆದಿದ್ದೇನೆ.

ಬುಧವಾರ: ಶಾಲೆಯಲ್ಲಿ ಗಂಟೆ ಹೊಡೆಯುವ ಮೊದಲು ಜವಾನ ಮರೆತಾಗ ಅವಳೇ ಅವನ ಕೈ ಎತ್ತಿಸಿದಳಂತೆ.

ಗುರುವಾರ: ತಟ್ಟೆಯಿಂದ ದೂರ, ಮೂರು ಹೆಜ್ಜೆ.

ಶುಕ್ರವಾರ: ಇಲ್ಲ.

ಶನಿವಾರ: ಮಿಷನ್ ನಿಂತ ಮೇಲೆ ಮಂಡಿ ನೋವಿಗೆ ನೆಲದ ಮೇಲೆ ಕೂತಿದ್ದೆ. ಗುಂಡಿರಾಣಿ ಮೇಜಿನ ಕೆಳಗಿನಿಂದ ಒಂದು ಥಾನು ಎಳೆದು ತಂದು ನನ್ನ ಹೆಗಲ ಮೇಲೆ ಇಟ್ಟು ವಾಪಸ್ಸು ಹೋದಳು. ಪೂರ್ತಿ ಥಾನು. ಭಾರವಾಗಿತ್ತು. ತೆಗೆಯಲಿಲ್ಲ.

ಭಾನುವಾರ: ಇಲ್ಲ.

ಅಮ್ಮ